ಮೊದಲ ಸಂಚಿಕೆಗಳ ಕೋಣೆ

ನಮ್ಮ ಅಜ್ಜನಿಗೆ ಒಂದು ಹುಚ್ಚಿತ್ತು. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಾಟಕ. ಅಜ್ಜನಿಗೆ ಪತ್ರಿಕೆಗಳ ಮೊದಲ ಸಂಚಿಕೆ. ಎರಡನೆಯದು ಬೇಡ, ಮೂರನೆಯದು ಬೇಡ, ಮೊದಲನೆಯದೇ ಆಗಬೇಕು. ಹರಪನಹಳ್ಳಿಯ ಆ ಮಾಳಿಗೆ ಮನೆಯಲ್ಲಿ ಜೋಳದ ಚೀಲ ಇಡಬೇಕಾದ ಕೋಣೆಯ ತುಂಬ ಪತ್ರಿಕೆಗಳಿದ್ದವು. ಜೋಳದ ಚೀಲಗಳು ಪಡಸಾಲೆಯಲ್ಲಿದ್ದವು. ಮನೆಗೆ ಬಂದವರು ಚೀಲದ ಮೇಲೆಯೇ ಕೂತು ಚಹಾ ಕುಡಿದು ಹೋಗುತ್ತಿದ್ದರು.

ನಾನು ತುಂಗಭದ್ರೆಯ ದಂಡೆಯ ಹಲವಾಗಲಿನವಳು. ಎಪ್ಪತ್ತರ ದಶಕದ ಕೊನೆಯಲ್ಲಿ, ‘ಹೊಳೆ ದಂಡ್ಯಾಗ ಆಡಿಕೊಂಡು ಹಾಳಾಗ್ತಾಳ’ ಎಂದು ಅವ್ವ ನನ್ನನ್ನು ಹರಪನಹಳ್ಳಿಯ ಅಜ್ಜನ ಮನೆಗೆ ಓದಲು ಕಳಿಸಿದಳು. ಅಲ್ಲಿ ಅಜ್ಜ, ಅಜ್ಜಿ, ಕರೆಂಟಿನ ಕಂಬ ಹತ್ತುವ ಕೆಲಸದಲ್ಲಿದ್ದ ಕಾಕಾ, ಅವನ ಹೆಂಡತಿ ನಮ್ಮ ಚಿಗವ್ವ, ಇಷ್ಟೇ ಜನ. ಶಾಲೆಯಲ್ಲಿ ನಾನೇನು ಕಲಿತೆನೋ ಆ ದೇವರಿಗೇ ಗೊತ್ತು. ನೆನಪಿನಲ್ಲಿ ಉಳಿದಿರುವುದೆಲ್ಲ ಆ ಕೋಣೆಯದೇ.

ಅಜ್ಜ ಮೇಷ್ಟ್ರಾಗಿದ್ದವನು. ‘ಇಪ್ಪತ್ತನೇ ಶತಮಾನಕ್ಕೂ ನನಗೂ ಒಂದ ವಯಸ್ಸು’ ಎಂದು ಜಂಬದಿಂದ ಹೇಳುತ್ತಿದ್ದ. ಅವನು ಹರೆಯದಲ್ಲಿದ್ದ ಕಾಲಕ್ಕೆ ಲೋಕದಲ್ಲೆಲ್ಲ ಪತ್ರಿಕೆಗಳು ಮಳೆಗಾಲದ ಅಣಬೆಗಳ ಹಾಗೆ ಏಳುತ್ತಿದ್ದವಂತೆ. ಲಂಡನ್ನಿನಲ್ಲಿ ಹೆಂಗಸರಿಗೊಂದು, ಅಮೆರಿಕದಲ್ಲಿ ಸೈಕಲ್ಲಿನವರಿಗೊಂದು, ಜಪಾನಿನಲ್ಲಿ ತೋಟದವರಿಗೊಂದು, ಲಾಹೋರಿನಲ್ಲಿ, ಕಲ್ಕತ್ತೆಯಲ್ಲಿ, ಮದರಾಸಿನಲ್ಲಿ, ಧಾರವಾಡದಲ್ಲಿ ಒಂದೊಂದು. ಮೇಷ್ಟ್ರ ಸಂಬಳದಲ್ಲಿ ಚಂದಾ ಕಟ್ಟುವುದು ಎಲ್ಲಿ ಬಂತು? ಆದರೆ ಹೊಸ ಪತ್ರಿಕೆಯವರು ‘ಕೇಳಿದವರಿಗೆ ಮಾದರಿ ಪ್ರತಿ ಉಚಿತ’ ಎಂದು ಬರೆಯುತ್ತಿದ್ದರು. ಅಜ್ಜ ಕೇಳಿದ. ಕೇಳುತ್ತಲೇ ಹೋದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ವರ್ಗವಾದಲ್ಲೆಲ್ಲ ಅಂಚೆಯವನು ಇವನ ಹೆಸರಿಗೆ ಹಡಗಿನಲ್ಲಿ ಬಂದ ಸುರುಳಿಗಳನ್ನು ತಂದು ಕೊಡುತ್ತಿದ್ದ. ಮಾದರಿ ನೋಡಿ ಮೆಚ್ಚಿ ಮೇಷ್ಟ್ರು ಚಂದಾದಾರರಾಗುತ್ತಾರೆ ಎಂದು ಕಾದ ಸಂಪಾದಕರು ಪಾಪ, ಲೋಕದ ನಾಲ್ಕೂ ಮೂಲೆಯಲ್ಲಿ ಕಾಯುತ್ತಲೇ ಉಳಿದರು.

ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮಧ್ಯಾಹ್ನ ಅದರಿಂದ ರೊಟ್ಟಿಯಗಲದ ಬಿಸಿಲು ನೆಲದ ಮೇಲೆ ಬೀಳುತ್ತಿತ್ತು. ಊಟವಾಗಿ ಅಜ್ಜಿ ಅಡ್ಡಾಗುವುದೇ ತಡ, ನಾನೂ ಚಿಗವ್ವನೂ ಕಳ್ಳಿಯರ ಹಾಗೆ ಒಳಗೆ ಸೇರಿಕೊಳ್ಳುತ್ತಿದ್ದೆವು. ತಣ್ಣನೆಯ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಒಂದು ಪತ್ರಿಕೆಯನ್ನು ಆ ಬಿಸಿಲಿನಲ್ಲಿ ತೆರೆದಿಟ್ಟುಕೊಳ್ಳುವುದು. ಬಿಸಿಲು ಸರಿದ ಹಾಗೆ ಪತ್ರಿಕೆಯನ್ನು ಸರಿಸುವುದು, ಅದರ ಹಿಂದೆ ನಾವೂ ಸರಿಯುವುದು. ಹಾಳೆ ತಿರುವಿದಾಗ ಏಳುವ ಧೂಳು ಬೆಳಕಿನಲ್ಲಿ ಬಹಳ ಹೊತ್ತು ಇಳಿಯದೆ ನಿಂತಿರುತ್ತಿತ್ತು. ಎಚ್ಚರವೋ ನಿದ್ದೆಯೋ ನನಗೆ ತಿಳಿಯುತ್ತಿರಲಿಲ್ಲ.

ಚಿಗವ್ವ ಗುಡೇಕೋಟೆಯವಳು. ಬೋಳು ಗುಡ್ಡ, ಜಾಲಿ, ಕುರಿ ಮಂದೆಗಳ ನಡುವೆ ಬೆಳೆದವಳು. ಕನ್ನಡ ಚೆನ್ನಾಗಿ ಓದುತ್ತಿದ್ದಳು, ಇಂಗ್ಲಿಷು ಬಾರದು. ಬಾರದಿದ್ದರೇನಂತೆ! ಹಿಮ ಬಿದ್ದ ಬೀದಿಯ ಚಿತ್ರ ನೋಡಿ, ‘ಅಯ್ಯ, ಬೀದಿ ತುಂಬ ಹತ್ತಿ ಚೆಲ್ಯಾರ ನೋಡ, ಇವರ ಮನ್ಯಾಗ ಬೈಯೋರಿಲ್ಲೇನು?’ ಎನ್ನುವಳು. ಗರಿ ಸಿಕ್ಕಿಸಿದ ದೊಡ್ಡ ಟೋಪಿಯ ಹೆಂಗಸನ್ನು ನೋಡಿ, ‘ಈಕಿ ಅತ್ತಿ ಕಾಟ ತಾಳಲಾರದ ತವರಿಗೆ ಹೊಂಟಾಳ’ ಎಂದು ಮುಗಿಸಿಬಿಡುವಳು. ಪ್ರತಿಯೊಂದು ಸಂಚಿಕೆಯಲ್ಲೂ ಒಂದು ಧಾರಾವಾಹಿ ಶುರುವಾಗಿರುತ್ತಿತ್ತು, ಕೊನೆಗೆ ‘ಸಶೇಷ’ ಎಂದಿರುತ್ತಿತ್ತು. ನಮ್ಮಲ್ಲಿ ಮುಂದಿನ ಸಂಚಿಕೆ ಇರುತ್ತಿರಲಿಲ್ಲವಲ್ಲ, ಮುಂದಿನದನ್ನು ಚಿಗವ್ವ ತಾನೇ ಕಟ್ಟಿ ಹೇಳುತ್ತಿದ್ದಳು. ಅವಳ ಕಥೆಗಳಲ್ಲಿ ಯಾರೂ ಸಾಯುತ್ತಿರಲಿಲ್ಲ. ಹಡಗು ಮುಳುಗಿದರೂ ಎಲ್ಲರೂ ಈಜಿ ದಡ ಸೇರಿ, ಒದ್ದೆ ಬಟ್ಟೆ ಹಿಂಡಿಕೊಂಡು, ಬಿಸಿ ಮುದ್ದೆ ಉಣ್ಣುತ್ತಿದ್ದರು.

ಅದಕ್ಕೆ ಕಾರಣ ಇತ್ತು. ಚಿಗವ್ವ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಎರಡೂ ತವರಿನಲ್ಲಿ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋದವು. ಆ ವರ್ಷ ಅವಳು ಮತ್ತೆ ಬಸುರಿ. ಮನೆಯಲ್ಲಿ ಯಾರೂ ಆ ಮಾತನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಅಜ್ಜಿ ಮಾತ್ರ ಅವಳ ತಟ್ಟೆಗೆ ತುಪ್ಪ ಸುರಿಯುವಾಗ ಕೈ ಬಿಗಿ ಹಿಡಿಯುವುದನ್ನು ಬಿಟ್ಟಿದ್ದಳು.

ಒಂದು ದಿನ ಅಜ್ಜ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದ. ‘ಯಾವ ದೇಶದ್ದಾರ ತಗಿ, ಯಾವ ಭಾಷಿದಾರ ತಗಿ, ಮೊದಲ ಪುಟದಾಗ ಸಂಪಾದಕರು ಬರಿಯೋದು ಒಂದ ಮಾತು. ಇದು ಈಗ ಹುಟ್ಟಿದ ಕೂಸು, ನಿಮ್ಮ ಉಡಿಯಾಗ ಹಾಕೀವಿ, ಕಾಪಾಡ್ರಿ ಅಂತ.’

‘ಕಾಪಾಡಿದ್ರೇನಜ್ಜ?’ ಎಂದೆ.

‘ಎಲ್ಲಿ ಕಾಪಾಡ್ತಾರ! ಇದು ನೋಡು, ಒಂದ ತಿಂಗಳಿಗೆ ಸತ್ತುಹೋತು. ಇದೂ ಅಷ್ಟ. ಇದು ಪಾಪ, ಎರಡು ತಿಂಗಳು ಜೀವ ಹಿಡಿದಿತ್ತು.’

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಕೈಯಲ್ಲಿ ಹಿಟ್ಟಿನ ಜರಡಿ ಹಾಗೇ ನಿಂತಿತ್ತು.

‘ಏನಂದ್ರಿ? ಇನ್ನೊಮ್ಮೆ ಅನ್ರಿ.’

ಅಜ್ಜನಿಗೆ ಏನಾಯಿತೆಂದು ತಿಳಿಯಲಿಲ್ಲ. ‘ಪತ್ರಿಕಿ ಮಾತು’ ಎಂದ.

‘ಪತ್ರಿಕಿ ಮಾತಂತ! ಹುಟ್ಟಿದ ತಿಂಗಳಿಗೆ ಸತ್ತಿದ್ದನ್ನೆಲ್ಲ ದೇಶದೇಶದಿಂದ ತರಿಸಿ ಮನ್ಯಾಗ ಪೇರಿಸಿ ಇಟ್ಕೊಂಡು ಕುಂತೀರಲ್ಲ, ನನ್ನ ಸೊಸಿ ಉಡಿ ಹೆಂಗ ತುಂಬಬೇಕ್ರಿ? ಇಷ್ಟು ವರ್ಷ ನಾನು ಕಣ್ಣು ಮುಚ್ಕೊಂಡು ಇದರ ಮ್ಯಾಲಿನ ಧೂಳು ಹೊಡದೆ. ಇದು ಇಂಥಾದ್ದು ಅಂತ ಗೊತ್ತಿದ್ದಿದ್ರ ಎಂದೋ ಒಲಿಗೆ ಹಾಕ್ತಿದ್ದೆ!’

‘ಲೇ, ಕಾಗದಕ್ಕೂ ಕೂಸಿಗೂ ಏನು ಸಂಬಂಧ? ಓದಿದವರು ಕೇಳಿದ್ರ ನಗ್ತಾರ.’

‘ನಗ್ಲಿ. ಓದಿ ನೀವೇನು ಕಡಿದು ಕಟ್ಟಿ ಹಾಕೀರಿ, ಅದನ್ನೂ ನೋಡೀನಿ. ಕುಬಸ ಮಾಡೋದ್ರೊಳಗ ಈ ಕ್ವಾಣಿ ಖಾಲಿ ಆಗ್ಬೇಕು. ಇಲ್ಲಂದ್ರ ನಾ ಕಡ್ಡಿ ಗೀರಾಕಿನ.’

ಚಿಗವ್ವನಿಗೆ ಆಗ ಐದನೇ ತಿಂಗಳು. ಕುಬಸ, ಅಂದರೆ ಸೀಮಂತ, ಏಳಕ್ಕೆ. ಅಜ್ಜಿ ಆಡಿದ ಮಾತು ಮಾಡುವವಳೇ ಎಂದು ಅಜ್ಜನಿಗೆ ಗೊತ್ತಿತ್ತು. ಅವನು ಒಂದು ಉಪಾಯ ಹೂಡಿದ. ಸತ್ತ ಪತ್ರಿಕೆಗಳನ್ನು ಬೇರೆ ಮಾಡುತ್ತೇನೆ, ಬದುಕಿರುವ ಪತ್ರಿಕೆಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ ಎಂದ. ಪಡಸಾಲೆಯಲ್ಲಿ ಎರಡು ರಾಶಿ ಶುರುವಾದವು. ಧಾರವಾಡದ್ದು, ಮದರಾಸಿನದು ಸುಲಭ. ನಿಂತದ್ದು ಅವನಿಗೆ ಗೊತ್ತಿತ್ತು. ಜಪಾನಿನ ತೋಟದ ಪತ್ರಿಕೆ ಕೈಗೆ ಬಂದಾಗ ಬಹಳ ಹೊತ್ತು ಹಿಡಿದು ಕೂತ. ‘ಅಲ್ಲಿ ಭೂಮಿ ನಡುಗ್ತು, ಯುದ್ಧ ಆತು, ಬಾಂಬು ಬಿತ್ತು. ಆದ್ರೂ ತೋಟದ ಮಂದಿ ಅವರು. ಇದ್ದರೂ ಇರಬಹುದು’ ಎಂದು ಬದುಕಿದವುಗಳ ರಾಶಿಗೆ ಹಾಕಿದ. ಲಾಹೋರಿನದು? ಇದ್ದರೂ ಇರಬಹುದು. ಸೈಕಲ್ಲಿನದು? ಸೈಕಲ್ಲು ಇನ್ನೂ ಇದ್ದಾವಲ್ಲ! ಸಂಜೆಯ ಹೊತ್ತಿಗೆ ಸತ್ತವುಗಳ ರಾಶಿ ಒಂದು ದಿಂಬಿನಷ್ಟು, ಬದುಕಿದವುಗಳದ್ದು ನನ್ನ ಎತ್ತರ.

‘ಈ ವಯಸ್ಸಿನಾಗ ಸುಳ್ಳು ಹೇಳಬ್ಯಾಡ್ರಿ’ ಎಂದಳು ಅಜ್ಜಿ. ರಾಶಿಗಳು ಮತ್ತೆ ಒಳಗೆ ಹೋದವು.

ಚಿಗವ್ವ ಕೋಣೆಗೆ ಬರುವುದನ್ನು ಬಿಟ್ಟಳು. ನಾನೊಬ್ಬಳೇ ಬಿಸಿಲಿನ ಹಿಂದೆ ಸರಿಯುತ್ತ ಮಲಗಿದ್ದರೆ ಹೊಸ್ತಿಲಿನಾಚೆ ಕೂತು ಇಣುಕುತ್ತಿದ್ದಳು. ಒಮ್ಮೆ ನನ್ನ ಕೈ ಹಿಡಿದುಕೊಂಡು, ‘ನನಗ ಅಂಜಿಕಿ ಆಗೈತಿ ಕಣೆ. ಅತ್ತಿ ಅಂದಿದ್ದು ಖರೆ ಇದ್ರ?’ ಎಂದಳು. ‘ಸುಡೋದಂದ್ರ ಅದೂ ಆಗವಲ್ದು. ಅವನ್ನ ಸುಡಾಕ ಕೊಟ್ಟು ನಾ ಹೆಂಗ ಹಡೀಲಿ?’ ನನಗಾಗ ಹತ್ತು ವರ್ಷ. ಆ ಹೊತ್ತಿಗೆ ಅವಳ ಮೇಲೆ ನನಗೆ ಉಕ್ಕಿಬಂದ ಪ್ರೀತಿ ಈಗಲೂ ಹಾಗೇ ಇದೆ.

ದಾರಿ ಅವಳಿಗೇ ಹೊಳೆಯಿತು. ನಮ್ಮ ಓಣಿಯಲ್ಲಿ, ಎದುರು ಮನೆಯಲ್ಲಿ, ಲಾರಿ ರಿಪೇರಿ ಮಾಡುವವರ ಮನೆಯಾಕೆ ಇದ್ದಳು. ಎಲ್ಲರೂ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವಳ ಮಕ್ಕಳು ಗುಂಡುಕಲ್ಲಿನಂತೆ ಬೆಳೆದಿದ್ದವು, ಒಂದಕ್ಕೂ ನೆಗಡಿ ಸಹ ಆಗಿದ್ದು ನಾನು ನೋಡಿರಲಿಲ್ಲ. ಹಾಗಾಗಿ ಯಾರ ಮನೆಯಲ್ಲಿ ಕೂಸು ಉಳಿಯುವುದಿಲ್ಲವೋ ಅವರು ಹುಟ್ಟಿದ ಕೂಡಲೇ ಅದನ್ನು ಮೊರದಲ್ಲಿ ಮಲಗಿಸಿ ಖಾಲಾಗೆ ಮಾರುತ್ತಿದ್ದರು. ಬೆಲೆ ಒಂದು ಮೊರ ತೌಡು. ಆಮೇಲೆ ಕೂಸು ಖಾಲಾನದು; ಸಾವು ಹುಡುಕಿಕೊಂಡು ಬಂದರೂ ‘ಇದು ಆ ಮನೆಯ ಕೂಸಲ್ಲ’ ಎಂದು ಹೊರಟುಹೋಗಬೇಕು. ಕೂಸು ಬೆಳೆಯುವುದು ಹೆತ್ತವರ ಮನೆಯಲ್ಲೇ, ಲೆಕ್ಕಕ್ಕೆ ಮಾತ್ರ ಖಾಲಾನದು. ಓಣಿಯ ಅರ್ಧ ಮಕ್ಕಳು ಹೀಗೆ ಅವಳ ಆಸ್ತಿಯಾಗಿದ್ದರು.

‘ಅತ್ತಿ, ಪತ್ರಿಕಿಗೋಳನ್ನೂ ತೌಡಿಗೆ ಮಾರಿದ್ರ ಹೆಂಗ?’ ಎಂದಳು ಚಿಗವ್ವ.

ಅಜ್ಜಿ ಖಾಲಾಗೆ ಹೇಳಿಕಳಿಸಿದಳು. ತಾನೇ ನಂಬಿದ ಶಾಸ್ತ್ರ, ಬೇಡ ಎನ್ನುವುದಾದರೂ ಹೇಗೆ?

ಖಾಲಾ ತಲೆಯ ಮೇಲೆ ಸೆರಗು ಹೊದ್ದು, ಮೊರದ ತುಂಬ ತೌಡು ಹಿಡಿದು ಬಂದಳು. ಅಜ್ಜ ಮೂಲೆಯಲ್ಲಿ ಮುಖ ಊದಿಸಿಕೊಂಡು ನಿಂತಿದ್ದ. ಅವಳು ಕೋಣೆಯ ಒಂದೊಂದು ಕಪಾಟನ್ನೂ ಮುಟ್ಟಿ, ಕೂಸುಗಳನ್ನು ಕೊಳ್ಳುವಾಗ ಹೇಳುವ ಮಾತನ್ನೇ ಹೇಳಿದಳು. ‘ಇವತ್ತಿನಿಂದ ಇವು ನನ್ನವು. ನಿಮಗೂ ಇವಕ್ಕೂ ಋಣ ಹರೀತು.’ ಆಮೇಲೆ ಮಾಳಿಗೆವರೆಗೆ ಕಣ್ಣಾಡಿಸಿ, ‘ಯಾ ಅಲ್ಲಾ, ಇಷ್ಟೂ ನನ್ನವಾ? ನಮ್ಮ ಮನ್ಯಾಗ ಮಲಗಾಕ ಜಾಗ ಇಲ್ಲ, ಎಲ್ಲಿ ಇಟ್ಕೊಳ್ಲವ್ವ? ಇಲ್ಲೇ ಇರ್ಲಿ, ನನ್ನ ಸಾಮಾನು ಅಂತ ತಿಳ್ಕೊಂಡು ಕಾಯ್ರಿ’ ಎಂದಳು.

ಅಂದಿನಿಂದ ನಮ್ಮ ಅಜ್ಜನ ಫಜೀತಿ ನೋಡಬೇಕಿತ್ತು. ಪತ್ರಿಕೆ ತೆರೆಯಬೇಕಾದರೆ ಓಣಿಗೆ ಬಂದು, ‘ಖಾಲಾ, ಒಂದೀಟು ಓದ್ಲೇನು?’ ಎಂದು ಕೂಗಿ ಕೇಳಬೇಕು. ಇಲ್ಲದಿದ್ದರೆ ಅಜ್ಜಿ ಬಿಡುತ್ತಿರಲಿಲ್ಲ. ಖಾಲಾ ಒಲೆಯ ಮುಂದಿನಿಂದಲೇ, ‘ಓದ್ರಿ ಮೇಷ್ಟ್ರೇ, ಹರೀಬ್ಯಾಡ್ರಿ ಮತ್ತ!’ ಎನ್ನುವಳು. ಚಿಗವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮತ್ತೆ ಕೋಣೆಗೆ ಬಂದಳು. ಈಗ ಹೊಟ್ಟೆಯ ಮೇಲೆ ಮಲಗಲಾರಳು. ಗೋಡೆಗೆ ಒರಗಿ ಕಾಲು ಚಾಚಿ ಕೂತು, ಯಾರೂ ಸಾಯದ ಕಥೆಗಳನ್ನು ಮತ್ತೆ ಮುಂದುವರಿಸಿದಳು.

ಈ ಸಲ ಚಿಗವ್ವನನ್ನು ತವರಿಗೆ ಕಳಿಸಲಿಲ್ಲ. ಸಂಕ್ರಾಂತಿಯ ಹಿಂದಿನ ಚಳಿಯಲ್ಲಿ ಕೂಸು ಹುಟ್ಟಿತು. ಹೆಣ್ಣು. ಅಜ್ಜಿ ಮುಖ ನೋಡುವ ಮೊದಲೇ ಮೊರದಲ್ಲಿ ಹಾಕಿದಳು. ಮತ್ತೊಂದು ಮೊರ ತೌಡು ಓಣಿ ದಾಟಿ ಬಂತು. ಇನ್ನು ಅದು ಖಾಲಾನ ಕೂಸು. ಈ ಶಾಸ್ತ್ರದಲ್ಲಿ ಒಂದು ಕಟ್ಟುನಿಟ್ಟು ಇದೆ: ಕೂಸಿಗೆ ಹಲ್ಲು ಬರುವತನಕ ಹಡೆದವಳು ಅದನ್ನು ‘ನಂದು’ ಎನ್ನಬಾರದು. ಚಿಗವ್ವ ಅನ್ನಲಿಲ್ಲ. ಎದೆಗೆ ಹಚ್ಚಿಕೊಂಡು, ‘ಖಾಲಾನ ಕೂಸಿಗೆ ಹಸಿವಾಗಿತ್ತು’ ಎನ್ನುವಳು. ನೀರು ಹಾಕಿ, ಲೋಬಾನದ ಹೊಗೆ ಹಿಡಿದು, ‘ಖಾಲಾನ ಕೂಸು ನಿದ್ದಿ ಮಾಡ್ತು’ ಎನ್ನುವಳು. ತೊಟ್ಟಿಲ ದಿನ ಬಂತು, ದಾಟಿತು. ಹಿಂದಿನ ಎರಡು ಕೂಸುಗಳೂ ಆ ದಿನ ಕಂಡಿರಲಿಲ್ಲ. ಅಲ್ಲಿಂದ ಮುಂದೆ ಕೂಸು ಉಸಿರಾಡುವುದನ್ನು ನೋಡುತ್ತ ಕೂರುವುದೇ ಅವಳ ಕೆಲಸವಾಯಿತು.

ಬೇಸಗೆ ಏರುತ್ತಿದ್ದ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಕೂಸಿನ ಮೈ ಸುಡುತ್ತಿತ್ತು. ಹಾಲು ಕುಡಿಯಲಿಲ್ಲ, ಅಳಲೂ ಇಲ್ಲ. ಕಾಕಾ, ಅಜ್ಜಿ, ಚಿಗವ್ವ, ಖಾಲಾ, ಜೊತೆಗೆ ಬೇಡವೆಂದರೂ ನಾನು, ಎಲ್ಲರೂ ಆಸ್ಪತ್ರೆಗೆ ಓಡಿದೆವು. ಅಜ್ಜ ಮನೆಯಲ್ಲೇ ಉಳಿದ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮೈಸೂರು ಕಡೆಯವರು, ಆತುರದವರು.

‘ತಾಯಿ ಯಾರು?’ ಎಂದರು.

ಅಜ್ಜಿ ಖಾಲಾಳ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು. ‘ಈಕಿ ರೀ.’

‘ರಾತ್ರಿಯಿಂದ ಎಷ್ಟು ಸಲ ಹಾಲು ಕುಡೀತು? ಉಚ್ಚೆ ಮಾಡ್ತಾ? ಫಿಟ್ಸ್ ಬಂತಾ?’

ಖಾಲಾ ಚಿಗವ್ವನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು. ಕೊಂಡವಳಿಗೆ ಹಾಲಿನ ಲೆಕ್ಕ ಹೇಗೆ ತಿಳಿಯಬೇಕು? ‘ಏನಮ್ಮಾ, ಹೆತ್ತ ತಾಯಿಗೆ ಇಷ್ಟೂ ಗೊತ್ತಿಲ್ವಾ?’ ಎಂದು ಡಾಕ್ಟರಮ್ಮ ರೇಗಿದರು. ಕೂಸು ಮೇಜಿನ ಮೇಲೆ ಕಣ್ಣು ಮೇಲಕ್ಕೆ ಹಾಕಿ ಮಲಗಿತ್ತು. ಅಜ್ಜಿ ಚಿಗವ್ವನ ಮೊಣಕೈ ಬಿಗಿಯಾಗಿ ಹಿಡಿದಿದ್ದಳು. ಚಿಗವ್ವ ಕೊಸರಿಕೊಂಡು ಮುಂದೆ ಬಂದಳು.

‘ನಂದು ರೀ. ನಾನ ಹಡೆದಿದ್ದು. ನನ್ನ ಮಗಳು. ನಿನ್ನೆ ಸಂಜಿಯಿಂದ ಒಂದ ಸಲ ಕುಡಿದೈತಿ, ಅದೂ ಕಕ್ಕೈತಿ. ಉಚ್ಚಿ ಮಾಡಿಲ್ಲ. ನನ್ನ ಮಗಳನ್ನ ಉಳಿಸ್ರಿ.’

‘ಹಾಳು ಮಾಡಿದೆಲ್ಲೇ, ಹಾಳು ಮಾಡಿದಿ’ ಎಂದು ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ಯಾರನ್ನೂ ಲೆಕ್ಕಿಸದೆ ಸೂಜಿ, ಬಾಟಲಿ ತರಿಸಿದರು. ಕಾಕಾ ಬಟ್ಟೆಬರೆ ತರಲು ಮನೆಗೆ ಹೋದವನು ನಡೆದದ್ದನ್ನೆಲ್ಲ ಅಜ್ಜನಿಗೆ ಹೇಳಿ ಬಂದ.

ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದೆವೋ ನನಗೆ ನೆನಪಿಲ್ಲ. ಫಿನಾಯಿಲ್ ವಾಸನೆಯ ವರಾಂಡದಲ್ಲಿ ಖಾಲಾಳ ತೊಡೆಯ ಮೇಲೆ ನಿದ್ದೆ ಮಾಡಿದ್ದು, ಎಚ್ಚರವಾದಾಗಲೆಲ್ಲ ಚಿಗವ್ವನ ದನಿ ಕೇಳುತ್ತಿದ್ದದ್ದು ನೆನಪಿದೆ. ‘ನನ್ನ ಮಗಳು, ನನ್ನ ಬಂಗಾರಿ, ನನ್ನ ಮಗಳು’ ಎಂದು ಅಷ್ಟು ತಿಂಗಳು ಕಟ್ಟಿಟ್ಟದ್ದನ್ನೆಲ್ಲ ಕೂಸಿನ ಕಿವಿಯಲ್ಲಿ ಹೇಳುತ್ತಿದ್ದಳು. ಅಜ್ಜಿ ಬೇಡವೆನ್ನುವುದನ್ನು ಬಿಟ್ಟಿದ್ದಳು. ಕೊನೆಗೊಂದು ಬೆಳಿಗ್ಗೆ ಕೂಸು ಕೆಟ್ಟ ದನಿಯಲ್ಲಿ ಕಿರುಚಿ ಅತ್ತಿತು, ಹಾಲು ಕುಡಿಯಿತು. ಡಾಕ್ಟರಮ್ಮ ನಕ್ಕು ಮನೆಗೆ ಹೋಗಿ ಎಂದರು.

ಮನೆಗೆ ಬಂದರೆ ಪಡಸಾಲೆಯಲ್ಲಿ ಅಜ್ಜ ಜೋಳದ ಚೀಲದ ಮೇಲೆ ಕೂತಿದ್ದ. ಅಂಗಿ, ಧೋತ್ರ, ಹುಬ್ಬು, ಎಲ್ಲ ಧೂಳು. ಅವನ ಹಿಂದೆ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಒಂದು ಹಾಳೆಯೂ ಇರಲಿಲ್ಲ. ಆ ವಯಸ್ಸಿನಲ್ಲಿ ಒಬ್ಬನೇ, ಒಂದೊಂದೇ ತೋಳತೆಕ್ಕೆ ಹೊತ್ತು, ಎಲ್ಲವನ್ನೂ ಖಾಲಾಳ ಹಿತ್ತಲಿನ ಶೆಡ್ಡಿಗೆ ಸಾಗಿಸಿದ್ದ. ಟೈರುಗಳ ಪಕ್ಕ, ಎಣ್ಣೆ ಡಬ್ಬಿಗಳ ಪಕ್ಕ.

‘ಯಾರು ಕೇಳಿದ್ರು ಮೇಷ್ಟ್ರೇ?’ ಎಂದಳು ಖಾಲಾ. ‘ಇಲ್ಲೇ ಇರ್ಲಿ ಅಂದಿದ್ನಲ್ಲ ನಾನು.’

ಅಜ್ಜ ಚಿಗವ್ವನನ್ನು ನೋಡಿ ಹೇಳಿದ. ‘ನನಗ ಇದರಾಗೆಲ್ಲ ನಂಬಿಕಿ ಇಲ್ಲವ್ವ. ಇವತ್ತಿಗೂ ಇಲ್ಲ. ಆದ್ರ ನೀನು ಕೂಸು ನಂದು ಅಂದ್ಯಂತ. ಕೂಸೂ ನಮ್ಮದು, ಅವೂ ನಮ್ಮ ಮನ್ಯಾಗ ಅಂದ್ರ ಆಸಿ ಜಾಸ್ತಿ ಆತು ಅನ್ನಿಸ್ತು. ಅದಕ್ಕ ಅವನ್ನ ಖರೇನ ಕೊಟ್ಟುಬಿಟ್ಟೆ.’

ಚಿಗವ್ವನ ಕಣ್ಣಿಂದ ದಳದಳ ನೀರು ಇಳಿಯಿತು. ಅವಳು ಕೂಸನ್ನು ಮಾವನ ತೊಡೆಯ ಮೇಲೆ ಮಲಗಿಸಿದಳು. ಧೂಳಿನ ಕೈ ಎಂದು ಅವನು ಮುಟ್ಟಲು ಹೆದರಿ, ಎರಡೂ ಕೈ ಮೇಲೆತ್ತಿಕೊಂಡು ಕೂತ. ಕೂಸು ಮೂಗು ಅರಳಿಸಿ, ಮುಖ ಕಿವುಚಿ, ಒಂದು ದೊಡ್ಡ ಸೀನು ಸೀನಿತು.

‘ಚಿರಂಜೀವಿ! ನೂರು ವರ್ಷ ಬಾಳು, ನನ್ನವ್ವ!’ ಎಂದಳು ಅಜ್ಜಿ, ಇಡೀ ಓಣಿಗೆ ಕೇಳುವ ಹಾಗೆ.